ಬಟಾಣಿ ಹುಂಜದ ಬಾಲ ಹಿಡಿದು

ಇಂಗ್ಲಿಷಿನ ‘ಪೀಕಾಕ್’ನಲ್ಲಿ ಬಟಾಣಿ ಇಲ್ಲ. ಅಲ್ಲಿ ಅಡಗಿರುವುದು ಒಂದು ಬಾಲ ಇರಬಹುದು, ಆ ಬಾಲ ನಮ್ಮ ಕಡೆಯದೇ ಇರಬಹುದು! ಜಗಳೂರಿನ ಹೊಲದ ಬದುವಿನಲ್ಲಿ ಹೊರಟು, ಬ್ಯಾಬಿಲೋನ್, ಅಥೆನ್ಸ್, ರೋಮ್ ಸುತ್ತಿ, ಚನ್ನಗಿರಿಯ ಅಡಿಕೆ ತೋಟಕ್ಕೆ ಬಂದು ನಿಲ್ಲುವ ಒಂದು ಹೆಸರಿನ ಕಥೆ.

ಮೊದಲು ಸದ್ದು. ಆಮೇಲೆ ಹಕ್ಕಿ.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡಿನ ಅಂಚು. ರಾತ್ರಿ ಬಿದ್ದ ಮಳೆಗೆ ಹೊಲ ಇನ್ನೂ ಹಸಿ. ಮೆಕ್ಕೆಜೋಳ ಬಿತ್ತಿ ಮೂರು ದಿನವಾಗಿದೆ. ಬೇಲಿಯಾಚೆಯ ಜಾಲಿ ಮೆಳೆಯಿಂದ ಉದ್ದನೆಯ ಕೂಗೊಂದು ಏಳುತ್ತದೆ, ಬೆಕ್ಕಿನ ಕೈಗೆ ಕಹಳೆ ಕೊಟ್ಟ ಹಾಗೆ. ಹಿಂದೆಯೇ ನಾಲ್ಕೈದು ಹೇಂಟೆಗಳು ಹೊಲಕ್ಕಿಳಿಯುತ್ತವೆ. ಕೂರಿಗೆ ಎಳೆದ ಸಾಲನ್ನೇ ಹಿಡಿದು, ಒಂದಿಷ್ಟೂ ಆಚೀಚೆ ಸರಿಯದೆ, ಕೆದರಿ ಕೆದರಿ ಕಾಳು ಹೆಕ್ಕುತ್ತವೆ. ಕೊನೆಯಲ್ಲಿ ಗಂಡು. ಅದಕ್ಕೆ ಊಟಕ್ಕಿಂತ ನೋಟದ ಚಿಂತೆ.

ಬದುವಿನ ಮೇಲೆ ಕೂತ ರೈತ ಖಾಲಿ ಎಣ್ಣೆ ಡಬ್ಬ ಬಡಿಯುತ್ತಾನೆ. ಹಕ್ಕಿಗಳು ಕತ್ತೆತ್ತಿ ನೋಡಿ, ಹತ್ತು ಹೆಜ್ಜೆ ಸರಿದು, ಮತ್ತೆ ಶುರು ಹಚ್ಚಿಕೊಳ್ಳುತ್ತವೆ. ಡಬ್ಬ ಬಡಿಯುವುದಕ್ಕಿಂತ ಹೆಚ್ಚಿನದೇನನ್ನೂ ಆತ ಮಾಡುವಂತಿಲ್ಲ. 1963ರಿಂದ ಅದು ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿ, ಆನೆಗಳ ಪಂಕ್ತಿಯಲ್ಲಿ ಕೂತಿರುವ ಜೀವ. ರಂಗಯ್ಯನದುರ್ಗದ ಸುಮಾರು 77 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ವನ್ಯಧಾಮ ಮಾಡಿದ್ದು ನಾಲ್ಕು ಕೊಂಬಿನ ಕೊಂಡುಕುರಿಗಾಗಿ. ನವಿಲಿಗೆ ಅದು ಕೇಳದೆ ಸಿಕ್ಕ ಭಾಗ್ಯ.

ಬಯಲುಸೀಮೆಯ ಜಗಳೂರು, ತುಂಗಭದ್ರೆಯ ದಂಡೆಯ ಹೊನ್ನಾಳಿ, ತೀರ್ಥರಾಮೇಶ್ವರದ ಗುಡ್ಡ ಬೆನ್ನಿಗಿರುವ ನ್ಯಾಮತಿ, ಸೂಳೆಕೆರೆ ನೀರು ಕುಡಿದ ಚನ್ನಗಿರಿ. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಿಗೆ ಮಣ್ಣು ಬೇರೆ, ಬೆಳೆ ಬೇರೆ, ಮಾತಿನ ಧಾಟಿಯೂ ಬೇರೆ. ಮುಂಗಾರಿನ ಬೆಳಗ್ಗೆ ಕೇಳುವ ಈ ಕೂಗು ಮಾತ್ರ ಒಂದೇ.

ಹಳ್ಳಿ ಶಾಲೆಯ ಮಕ್ಕಳು ಇಂಗ್ಲಿಷ್ ಪುಸ್ತಕದಲ್ಲಿ ಈ ಹಕ್ಕಿಯ ಹೆಸರು ಓದಿದಾಗ ಹುಟ್ಟುವ ತಮಾಷೆಯೊಂದಿದೆ. ‘ಪೀ’ ಎಂದರೆ ಬಟಾಣಿ, ‘ಕಾಕ್’ ಎಂದರೆ ಹುಂಜ. ಹಾಗಾದರೆ ನವಿಲು ಬಟಾಣಿ ಹುಂಜವೇ? ಮೇಷ್ಟ್ರು ನಕ್ಕು ಸುಮ್ಮನಾಗುತ್ತಾರೆ. ಪ್ರಶ್ನೆ ಮಾತ್ರ ನಗುವಂಥದ್ದಲ್ಲ.

ಹುಂಜದ ಲೆಕ್ಕ ಸರಿಯಾಗಿಯೇ ಇದೆ. ನವಿಲು ಕೋಳಿ, ಕಾಡುಕೋಳಿಗಳ ಕುಟುಂಬಕ್ಕೇ ಸೇರಿದ ಹಕ್ಕಿ. ಬಟಾಣಿಯದು ಕಾಕತಾಳೀಯ. ಇಂಗ್ಲಿಷರು ಹಿಂದೆ ಬಟಾಣಿಗೆ ‘ಪೀಸ್’ ಎನ್ನುತ್ತಿದ್ದರು. ನಮ್ಮ ರಾಗಿ, ಜೋಳದ ಹಾಗೆ ಒಂದಕ್ಕೂ ರಾಶಿಗೂ ಒಂದೇ ಮಾತು. ಕೊನೆಯ ‘ಸ್’ ಬಹುವಚನದ್ದಿರಬೇಕು ಎಂದುಕೊಂಡು ಯಾರೋ ಅದನ್ನು ಕತ್ತರಿಸಿದರು, ‘ಪೀ’ ಉಳಿಯಿತು. ಹಕ್ಕಿಯ ‘ಪೀ’ ಬಂದ ದಾರಿಯೇ ಬೇರೆ. ಲ್ಯಾಟಿನ್ನಿನ ‘ಪಾವೋ’ ಹಳೆಯ ಇಂಗ್ಲಿಷಿನಲ್ಲಿ ‘ಪಾವ’ ಮತ್ತು ‘ಪೇಅ’ ಆಯಿತು. ಗಂಡೆಂದು ತಿಳಿಯಲು ಹಿಂದೆ ಒಂದು ‘ಕಾಕ್’ ಅಂಟಿಸಿದರು. ಪೋಕಾಕ್, ಪಾಕಾಕ್, ಪೀಕಾಕ್ ಎಂದು ಊರಿಗೊಂದು ರೂಪದಲ್ಲಿ ತಿರುಗಾಡಿ ಕೊನೆಗೆ ಪೀಕಾಕ್ ಗೆದ್ದಿತು. ಸೋತ ಪೋಕಾಕ್ ಇಂದಿಗೂ ಇಂಗ್ಲಿಷರ ಮನೆತನದ ಹೆಸರಾಗಿ ಬದುಕಿದೆ.

ಪೀಕಾಕ್ ಕೂಡ ಮನೆತನದ ಹೆಸರೇ. ಥಾಮಸ್ ಲವ್ ಪೀಕಾಕ್ ಎಂಬ ಕಾದಂಬರಿಕಾರ 1819ರಿಂದ ಹೊಟ್ಟೆಪಾಡಿಗೆ ದುಡಿದದ್ದು ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ. ನವಿಲಿನ ದೇಶದ ಕಡತ ನೋಡಿಕೊಳ್ಳಲು ಕಂಪನಿಗೆ ನವಿಲಿನ ಹೆಸರಿನವನೇ ಸಿಕ್ಕಿದ್ದ.

ಲ್ಯಾಟಿನ್‌ವರೆಗಿನ ದಾರಿ ಹೀಗೆ ಡಾಂಬರು ರಸ್ತೆ. ಇಟಲಿಯ ‘ಪಾವೋನೆ’, ಜರ್ಮನಿಯ ‘ಪ್ಫೌ’, ಡಚ್ಚರ ‘ಪೌ’, ಫ್ರೆಂಚರು ಮೂಗಿನಲ್ಲಿ ಅನ್ನುವ ‘ಪಾಂ’ ಎಲ್ಲವೂ ಅದೇ ‘ಪಾವೋ’ವಿನ ಮಕ್ಕಳು. 1758ರಲ್ಲಿ ಜೀವವಿಜ್ಞಾನಿ ಲಿನೇಯಸ್ ನಮ್ಮ ನವಿಲಿಗೆ ‘ಪಾವೋ ಕ್ರಿಸ್ಟೇಟಸ್’ ಎಂದು ಹೆಸರಿಟ್ಟಾಗ ಅದಕ್ಕೆ ಮುದ್ರೆಯೂ ಬಿತ್ತು. ಲ್ಯಾಟಿನ್ ದಾಟಿದರೆ ಮಣ್ಣು ರಸ್ತೆ. ಸ್ವಲ್ಪ ದೂರ ಹೋದರೆ ಕಾಲುದಾರಿ. ಮಜಾ ಇರುವುದೂ ಅಲ್ಲೇ.

ಟಿಕೆಟ್ ಇಟ್ಟ ಹಕ್ಕಿ

ಕ್ರಿಸ್ತಪೂರ್ವ ಐದನೇ ಶತಮಾನದ ಅಥೆನ್ಸ್. ಪಿರಿಲಾಂಪಿಸ್ ಎಂಬ ಸಿರಿವಂತನ ಮನೆಯ ಮುಂದೆ ತಿಂಗಳ ಮೊದಲ ದಿನ ಜನವೋ ಜನ. ಅವನ ಪಂಜರಗಳಲ್ಲಿರುವ ವಿಚಿತ್ರ ಹಕ್ಕಿ ನೋಡಲು ಸ್ಪಾರ್ಟಾ, ಥೆಸಲಿಗಳಿಂದಲೂ ಬರುತ್ತಿದ್ದರಂತೆ. ಉಳಿದ ದಿನ ಬಂದವರಿಗೆ ಬಾಗಿಲು ಮುಚ್ಚಿದೆ. ಆ ಹಕ್ಕಿಗಳ ವಿಚಾರ ಕೋರ್ಟು ಮೆಟ್ಟಿಲನ್ನೂ ಹತ್ತಿ, ವಾಗ್ಮಿ ಆಂಟಿಫಾನ್ ಹೆಸರಿನಲ್ಲಿ ನವಿಲಿನ ಬಗ್ಗೆಯೇ ಒಂದು ವಾದಪತ್ರ ಹುಟ್ಟಿಕೊಂಡಿತು.

ಗ್ರೀಕರು ಅದನ್ನು ಕರೆದದ್ದು ‘ತಾವೋಸ್’ ಎಂದು. ಅಥೆನ್ಸಿನವರು ಈ ಮಾತನ್ನು ಹೇಳುವಾಗ ಕೊನೆಯ ಅಕ್ಷರಕ್ಕೆ ಒಂದು ‘ಹ’ಕಾರದ ಉಸಿರು ಬಿಡುತ್ತಿದ್ದರೆಂದು ಹಳೆಯ ವೈಯಾಕರಣರು ಬರೆದಿಟ್ಟಿದ್ದಾರೆ. ಗ್ರೀಕ್ ಮಾತಿನ ನಡುವೆ ಅಂಥ ಉಸಿರು ಬರುವ ವಾಡಿಕೆ ಇಲ್ಲ. ಹೊರಗಿನಿಂದ ಬಂದ ಮಾತನ್ನು ನಾಲಿಗೆ ಒಗ್ಗಿಸಿಕೊಳ್ಳಲು ಪಡುವ ಪಾಡು ಅದು. ನಮ್ಮ ಅಜ್ಜಿಯರು ‘ಇಸ್ಕೂಲು’, ‘ಟೇಸನ್ನು’ ಎಂದ ಹಾಗೆ. ಹಕ್ಕಿಯೂ ಹೊರಗಿನದು, ಹೆಸರೂ ಹೊರಗಿನದು.

ಎಲ್ಲಿಂದ ಬಂತು? ಪೂರ್ವದಿಂದ. ನವಿಲು ಹೊರದೇಶಕ್ಕೆ ಹೋದ ಕಥೆಯನ್ನು ನಮ್ಮವರೂ ಇಟ್ಟುಕೊಂಡಿದ್ದಾರೆ. ಪಾಲಿ ಭಾಷೆಯ ‘ಬಾವೇರು ಜಾತಕ’ದಲ್ಲಿ ಭಾರತದ ವರ್ತಕರು ಮೊದಲ ಸಲ ಒಂದು ಕಾಗೆಯನ್ನು ಬಾವೇರು ದೇಶಕ್ಕೆ ಒಯ್ಯುತ್ತಾರೆ. ಬಾವೇರು ಎಂದರೆ ಬ್ಯಾಬಿಲೋನ್. ಹಕ್ಕಿಯನ್ನೇ ಕಾಣದ ಆ ಊರಿನವರು ಕಾಗೆಯ ಬಣ್ಣಕ್ಕೆ, ಕತ್ತಿಗೆ ಮರುಳಾಗಿ ನೂರು ನಾಣ್ಯ ಕೊಟ್ಟು ಕೊಳ್ಳುತ್ತಾರೆ. ಚಿನ್ನದ ಪಂಜರ, ಮಾಂಸ, ಹಣ್ಣು, ರಾಜೋಪಚಾರ. ಮುಂದಿನ ಸಲ ವರ್ತಕರು ಚಪ್ಪಾಳೆ ತಟ್ಟಿದರೆ ಕುಣಿಯುವ ನವಿಲನ್ನು ತರುತ್ತಾರೆ. ಸಾವಿರ ನಾಣ್ಯಕ್ಕೆ ಮಾರಾಟ! ಅಂದಿನಿಂದ ಕಾಗೆಯನ್ನು ಕೇಳುವವರಿಲ್ಲ. ಜಾತಕ ಇದರಿಂದ ಧರ್ಮದ ಪಾಠ ಹೇಳುತ್ತದೆ. ನನಗೆ ಮಾತ್ರ ಇದು ರಫ್ತು ವ್ಯಾಪಾರದ ಮೊದಲ ಪಾಠದಂತೆ ಕಾಣುತ್ತದೆ. ಮೊದಲು ಅಗ್ಗದ ಮಾಲು, ಗಿರಾಕಿ ಪಳಗಿದ ಮೇಲೆ ಅಸಲಿ ಮಾಲು.

ರೋಮನ್ನರು ನೋಟದಿಂದ ನೇರವಾಗಿ ಊಟಕ್ಕೆ ಇಳಿದರು. ವಾಗ್ಮಿ ಹೊರ್ಟೆನ್ಸಿಯಸ್ ಮೊದಲ ಬಾರಿಗೆ ಔತಣದಲ್ಲಿ ನವಿಲು ಬಡಿಸಿದ. ಅದು ಷೋಕಿಯಾಯಿತು. ಔಫಿಡಿಯಸ್ ಲುರ್ಕೊ ಎಂಬಾತ ನವಿಲು ಕೊಬ್ಬಿಸಿ ಮಾರುವ ಕಸುಬಿಗಿಳಿದು ವರ್ಷಕ್ಕೆ 60,000 ಸೆಸ್ಟರ್ಸ್ ನಾಣ್ಯ ಎಣಿಸಿದ. ಸಂತ ಅಗಸ್ಟೀನನಿಗೆ ಕಾರ್ಥೇಜಿನಲ್ಲಿ ಬೇಯಿಸಿದ ನವಿಲು ಬಡಿಸಿದಾಗ ಅವನು ಎದೆಯ ಭಾಗದ ಒಂದು ತುಂಡು ಎತ್ತಿಟ್ಟನಂತೆ. ವರ್ಷ ಕಳೆದರೂ ಅದು ಕೊಳೆಯಲಿಲ್ಲ, ಸ್ವಲ್ಪ ಒಣಗಿ ಸುಕ್ಕಾಯಿತು ಅಷ್ಟೇ ಎಂದು ತನ್ನ ‘ದೇವನಗರ’ದಲ್ಲಿ ಬರೆದುಕೊಂಡಿದ್ದಾನೆ. ಕ್ರೈಸ್ತ ಚಿತ್ರಗಳಲ್ಲಿ ನವಿಲು ಅಮರತ್ವದ ಗುರುತಾದದ್ದರ ಹಿಂದೆ ಇಂಥ ನಂಬಿಕೆಗಳಿವೆ.

■ ಚೌಕಟ್ಟು: ಎರಡು ನವಿಲು, ಒಂದು ಜಿಂಕೆ
ಅಶೋಕ ತನ್ನ ಮೊದಲ ಬಂಡೆಶಾಸನದಲ್ಲಿ ಅರಮನೆ ಅಡುಗೆಮನೆಯ ಲೆಕ್ಕ ಒಪ್ಪಿಸುತ್ತಾನೆ. ಹಿಂದೆ ದಿನಕ್ಕೆ ಲಕ್ಷಾಂತರ ಪ್ರಾಣಿಗಳ ವಧೆ. ಈಗ ಮೂರೇ: ಎರಡು ನವಿಲು, ಒಂದು ಜಿಂಕೆ. ಜಿಂಕೆಯೂ ದಿನಾ ಇಲ್ಲ. ಅದೇ ಶಾಸನದಲ್ಲಿ ಗುಜರಾತಿನ ಗಿರ್ನಾರಿನ ಬಂಡೆಯ ಮೇಲೆ ನವಿಲಿಗೆ ‘ಮೋರ’ ಎಂದಿದ್ದರೆ ಉತ್ತರಾಖಂಡದ ಕಾಲ್ಸಿಯಲ್ಲಿ ‘ಮಜೂಲ’ ಎಂದಿದೆ. ಜಗಳೂರಿಗೆ ಹತ್ತಿರದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಅಶೋಕನ ಶಾಸನವಿದೆ. ಅದು ಕಿರು ಶಾಸನವಾದ್ದರಿಂದ ಅಡುಗೆಮನೆಯ ವಿಚಾರ ಅಲ್ಲಿಲ್ಲ.

ಸೊಲೊಮೋನನ ಹಡಗು

ಈಗ ಕಾಲುದಾರಿ. ಹೀಬ್ರೂ ಬೈಬಲ್ಲಿನ ‘ಅರಸುಗಳು’ ಮೊದಲ ಭಾಗದ ಹತ್ತನೆಯ ಅಧ್ಯಾಯ. ಸೊಲೊಮೋನನ ಹಡಗುಗಳು ಮೂರು ವರ್ಷಕ್ಕೊಮ್ಮೆ ಬಂಗಾರ, ಬೆಳ್ಳಿ, ದಂತ, ಕೋತಿಗಳ ಜೊತೆಗೆ ‘ತುಕ್ಕಿಯೀಂ’ ಎಂಬ ಏನನ್ನೋ ಹೊತ್ತು ತರುತ್ತವೆ. ‘ಈಂ’ ಹೀಬ್ರೂವಿನ ಬಹುವಚನ. ಉಳಿದದ್ದು ‘ತುಕ್ಕಿ’. ಇದು ನವಿಲು ಎಂದು ಹಳೆಯ ಕಾಲದಿಂದ ಅನುವಾದವಾಗಿದೆ. ಕನ್ನಡ ಬೈಬಲ್ಲಿನಲ್ಲೂ ಅಲ್ಲಿ ನವಿಲೇ ಇದೆ.

1856ರಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಸೀಮೆಯಲ್ಲಿದ್ದ ಮಿಷನರಿ ರಾಬರ್ಟ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣ ಪ್ರಕಟಿಸಿದ. ಕನ್ನಡ, ತಮಿಳು, ತೆಲುಗು, ಮಲಯಾಳ, ತುಳುಗಳು ಸಂಸ್ಕೃತದ ಕವಲುಗಳಲ್ಲ, ಬೇರೆಯದೇ ಬಳ್ಳಿ ಎಂದು ಗಟ್ಟಿಯಾಗಿ ಸಾಧಿಸಿದ ಹೊತ್ತಗೆ ಅದು. ಅದರಲ್ಲಿ ಈ ‘ತುಕ್ಕಿ’ಯನ್ನೂ ಹಿಡಿದುಕೊಂಡ. ತಮಿಳಿನಲ್ಲಿ ‘ತೋಗೈ’ ಎಂದರೆ ನವಿಲಿನ ಗರಿಬಾಲ. ಕಾವ್ಯದಲ್ಲಿ ನವಿಲಿಗೇ ಆ ಹೆಸರು. ಹಾಗಿದ್ದಲ್ಲಿ ಜಗತ್ತಿನ ಬರಹದಲ್ಲಿ ಸಿಗುವ ಅತಿ ಹಳೆಯ ದ್ರಾವಿಡ ಪದ ಬೈಬಲ್ಲಿನೊಳಗೆ ಕೂತಿರುವ ಈ ನವಿಲೇ ಇರಬೇಕು ಎಂಬುದು ಅವನ ಊಹೆ.

ಊಹೆಯ ಮೆರವಣಿಗೆ ಅಲ್ಲಿಗೆ ನಿಲ್ಲಲಿಲ್ಲ. ‘ತೋಗೈ’ಯಿಂದ ‘ತುಕ್ಕಿ’, ಅಲ್ಲಿಂದ ‘ತಾವೋಸ್’, ಅಲ್ಲಿಂದ ‘ಪಾವೋ’, ಕೊನೆಗೆ ಪೀಕಾಕ್‌ನ ‘ಪೀ’ ಎಂಬ ಸರಪಳಿಯನ್ನು ಹೆಮ್ಮೆಯಿಂದ ಹೇಳುವವರು ಇಂದಿಗೂ ಇದ್ದಾರೆ. ನನಗೂ ಹೇಳಿಕೊಳ್ಳುವ ಆಸೆ ಇದೆ, ಸುಳ್ಳೇಕೆ? ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಎಳೆದು ನೋಡಿದರೆ ಮಾತ್ರ ಕೆಲವು ಗಟ್ಟಿ, ಕೆಲವು ಟೊಳ್ಳು.

‘ಪೀ’ಯಿಂದ ‘ಪಾವೋ’ ಕೊಂಡಿ ಗಟ್ಟಿ. ‘ಪಾವೋ’, ‘ತಾವೋಸ್’ ಎರಡೂ ಪೂರ್ವದಿಂದ ಹೋದ ಮಾತುಗಳೆಂಬ ಎಣಿಕೆಗೂ ಬಲವಿದೆ. ಗ್ರೀಕಿನ ‘ತ’ ಲ್ಯಾಟಿನ್ನಿನಲ್ಲಿ ‘ಪ’ ಆಗುವುದಕ್ಕೆ ಮಾತ್ರ ಯಾವ ಧ್ವನಿನಿಯಮವೂ ಇಲ್ಲ. ಹೀಬ್ರೂ ಕೊಂಡಿಯಂತೂ ಇನ್ನೂ ಸಡಿಲ. ಬೈಬಲ್ಲಿನ ಹಳೆಯ ಗ್ರೀಕ್ ಅನುವಾದದಲ್ಲಿ ಅದೇ ಸಾಲಿನಲ್ಲಿ ನವಿಲೂ ಇಲ್ಲ, ಕೋತಿಯೂ ಇಲ್ಲ, ಕೆತ್ತಿದ ಕಲ್ಲುಗಳಿವೆ! ಇಪ್ಪತ್ತನೇ ಶತಮಾನದ ವಿದ್ವಾಂಸ ಆಲ್‌ಬ್ರೈಟ್, ‘ತುಕ್ಕಿ’ ಈಜಿಪ್ಟಿನ ಮಾತು, ಅದು ಇನ್ನೊಂದು ಬಗೆಯ ಕೋತಿ ಎಂದ. ಕೋತಿಯ ಪಕ್ಕದಲ್ಲೇ ಕೂತಿರುವುದರಿಂದ ಅವನ ವಾದವನ್ನೂ ತಳ್ಳಿಹಾಕುವಂತಿಲ್ಲ.

ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಕಾಲ್ಡ್‌ವೆಲ್ಲನ ಕಡೆಗೇ ವಾಲುತ್ತೇನೆ. ಕಾರಣ ಬೈಬಲ್ಲಿನಲ್ಲಿಲ್ಲ, ಚನ್ನಗಿರಿಯಲ್ಲಿದೆ.

ಸೋಗೆ ಎಂಬ ಸಾಕ್ಷಿ

ಚನ್ನಗಿರಿ ತಾಲ್ಲೂಕಿನಲ್ಲಿ ನವಿಲೇಹಾಳ್ ಎಂಬ ಊರಿದೆ. ಊರಿನ ಹೆಸರಿನಲ್ಲೇ ನವಿಲು. ಸುತ್ತಿನ ಸೀಮೆಯಲ್ಲಿ ಈಗ ಎತ್ತ ನೋಡಿದರೂ ಅಡಿಕೆ. ತೋಟದೊಳಗೆ ಕಾಲಿಟ್ಟರೆ ನೆಲದ ತುಂಬ ಉದುರಿದ ಸೋಗೆ. ಕೊಟ್ಟಿಗೆಗೆ ಹೊದಿಸಲು ಸೋಗೆ, ಚಪ್ಪರಕ್ಕೆ ಸೋಗೆ, ಬಚ್ಚಲ ಒಲೆಗೆ ಒಣಗಿದ ಸೋಗೆ. ಕಬ್ಬಿನ ಗದ್ದೆಗೆ ಹೋದರೆ ಅಲ್ಲಿಯೂ ಕಬ್ಬಿನ ಸೋಗೆ. ಸೋಗೆ ಎಂದರೆ ಉದ್ದಕ್ಕೆ ಜೋತುಬೀಳುವ ಗರಿ ಎಂದು ಇಲ್ಲಿನ ಮಗುವಿಗೂ ಗೊತ್ತು.

ಹಳಗನ್ನಡದಲ್ಲಿ ಸೋಗೆ ಎಂದರೆ ನವಿಲಿನ ಗರಿಬಾಲ. ಅಷ್ಟೇ ಅಲ್ಲ, ನವಿಲೂ ಸೋಗೆಯೇ. ‘ಸೋಗೆನವಿಲು’ ಎಂಬ ಜೋಡಿ ಮಾತೂ ಕವಿಗಳಿಗೆ ಪ್ರಿಯ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಈ ಅರ್ಥಗಳು ಅಕ್ಕಪಕ್ಕ ಕೂತಿವೆ. ಈಗ ತಮಿಳಿನ ‘ತೋಗೈ’ಯನ್ನು ಬಿಡಿಸಿ ನೋಡಿ: ನವಿಲ ಗರಿ, ನವಿಲು, ಕಬ್ಬಿನ ಎಲೆ, ಸೀರೆಯ ಇಳಿಬಿದ್ದ ಸೆರಗು. ಅದೇ ಗೊಂಚಲು. ಬರೀ ಬಾಲ ಎಂಬ ಅರ್ಥದಲ್ಲಿ ಕನ್ನಡದಲ್ಲಿ ‘ತೋಕೆ’, ತೆಲುಗಿನಲ್ಲಿ ‘ತೋಕ’ ಇಂದಿಗೂ ಇವೆ. ತೂಗುವ, ಜೋಲುವ, ಎಳೆದುಕೊಂಡು ಹೋಗುವ ಎಲ್ಲದಕ್ಕೂ ಒಂದು ಮಾತು. ಅಂಥ ಬಾಲ ಇರುವ ಹಕ್ಕಿಗೂ ಅದೇ ಹೆಸರು. ಹಡಗು ಹತ್ತುವ ಹಕ್ಕಿಯ ಜೊತೆಗೆ ಮಾರುವವನ ಬಾಯಲ್ಲಿದ್ದ ಹೆಸರೂ ಹೋಗುವುದು ಸಹಜ. ಕೊಳ್ಳುವವನು ಮೊದಲು ಬೆರಳು ತೋರಿಸಿ ಕೇಳುವುದೂ ಆ ಬಾಲವನ್ನೇ ತಾನೆ?

ನಾವು ಕನ್ನಡಿಗರು ಮಾಡಿದ್ದು ತಮಾಷೆ. ಹಕ್ಕಿಯಿಂದ ಆ ಹೆಸರು ಕಿತ್ತು ಅಡಿಕೆ ಮರಕ್ಕೆ ಕೊಟ್ಟೆವು. ಹಕ್ಕಿಗೆ ನವಿಲು ಉಳಿಯಿತು. ತೆಲುಗರಿಗೆ ಅದು ನೆಮಲಿ, ತಮಿಳರಿಗೂ ಮಲಯಾಳಿಗಳಿಗೂ ಮಯಿಲ್, ತುಳುವರಿಗೆ ಮೈರ್. ಸಂಸ್ಕೃತದ ‘ಮಯೂರ’ ಋಗ್ವೇದದಲ್ಲೇ ಕಾಣಿಸುತ್ತದೆ. ಅದೂ ದ್ರಾವಿಡದಿಂದ ಹೋದ ಮಾತೆಂದು ಹೇಳುವ ಭಾಷಾಶಾಸ್ತ್ರಜ್ಞರಿದ್ದಾರೆ.

ಇನ್ನೊಂದು ಮಾತು ನಮ್ಮ ಬಾಯಲ್ಲೇ ಇದ್ದರೂ ಗಮನಿಸುವುದಿಲ್ಲ. ಸಂಸ್ಕೃತದಲ್ಲಿ ‘ಕೇಕಾ’ ಎಂದರೆ ನವಿಲಿನ ಕೂಗು. ಹೊನ್ನಾಳಿಯ ಹೋರಿ ಬೆದರಿಸುವ ಕಣದಲ್ಲಿ, ಕಬಡ್ಡಿ ಅಂಗಳದಲ್ಲಿ ಹುಡುಗರು ‘ಕೇಕೆ’ ಹಾಕುವಾಗಲೆಲ್ಲ, ನಿಘಂಟಿನ ಲೆಕ್ಕದಲ್ಲಿ, ನವಿಲಿನ ಹಾಗೆ ಕೂಗುತ್ತಿರುತ್ತಾರೆ.

ಇಷ್ಟೆಲ್ಲ ಬಾಲದ ಕಥೆ ಹೇಳಿದ ಮೇಲೆ ಒಂದು ತಕರಾರು. ಪಕ್ಷಿಶಾಸ್ತ್ರ ಬಲ್ಲವರನ್ನು ಕೇಳಿದರೆ ನವಿಲಿನ ಆ ಗರಿಗಳ ರಾಶಿ ಬಾಲವೇ ಅಲ್ಲ. ಅದು ಬಾಲವನ್ನು ಮೇಲಿನಿಂದ ಮುಚ್ಚುವ ಗರಿಗಳು ಬೆಳೆದು ಉದ್ದವಾದದ್ದು. ನಿಜವಾದ ಬಾಲ ಅದರ ಹಿಂದೆ, ಕಂದು ಬಣ್ಣದ್ದು, ಮೊಂಡು. ಗರಿ ಬಿಚ್ಚಿ ಕುಣಿಯುವಾಗ ಹಿಂದಿನಿಂದ ಊರುಗೋಲು ಕೊಟ್ಟು ನಿಲ್ಲಿಸುವುದು ಆ ಬಡಬಾಲ. ಗರಿಯ ನೀಲಿಯೂ ಬಣ್ಣವಲ್ಲ, ನವಿರಾದ ಪದರಗಳಲ್ಲಿ ಬೆಳಕು ಆಡುವ ಆಟ. ಮಳೆಗಾಲ ಮುಗಿಯುತ್ತಿದ್ದಂತೆ ಅದೆಲ್ಲ ಉದುರಿ, ಕಾಡಂಚಿನ ದನಗಾಹಿಗಳ ಕೈ ಸೇರುತ್ತದೆ.

■ ಚೌಕಟ್ಟು: ಊರು ತಪ್ಪಿದ ಕೋಳಿ
ಅಮೆರಿಕದಲ್ಲಿ ಹೊಸ ದೊಡ್ಡ ಕೋಳಿಯನ್ನು ಕಂಡ ಸ್ಪೇನಿನವರು ಅದಕ್ಕೆ ನವಿಲಿನ ‘ಪಾವೋ’ ಹೆಸರನ್ನೇ ಕೊಟ್ಟರು. ಅಸಲಿ ನವಿಲಿಗೆ ಆಮೇಲೆ ‘ಪಾವೋ ರಿಯಾಲ್’, ಅಂದರೆ ರಾಜ ಪಾವೋ, ಎನ್ನಬೇಕಾಯಿತು. ಅದೇ ಅಮೆರಿಕದ ಕೋಳಿಗೆ ಇಂಗ್ಲಿಷರು ಟರ್ಕಿ ಎಂದರು. ಟರ್ಕಿಯವರು ‘ಹಿಂದಿ’ ಎಂದರು. ಫ್ರೆಂಚರ ‘ದಾಂದ್’ ಎಂದರೂ ‘ಇಂಡಿಯಾದ್ದು’ ಎಂದೇ. ಡಚ್ಚರು ಕಲ್ಲಿಕೋಟೆಯ ಕೋಳಿ ಎಂದು ‘ಕಾಲ್ಕೂನ್’ ಎಂದರೆ ಪೋರ್ಚುಗೀಸರು ‘ಪೆರು’ ಎಂದರು. ಅದು ಹುಟ್ಟಿದ ಮೆಕ್ಸಿಕೋದ ಹೆಸರನ್ನು ಮಾತ್ರ ಯಾರೂ ಇಡಲಿಲ್ಲ.

■ ಚೌಕಟ್ಟು: ತರಕಾರಿಗೆ ಸೇರಿದ ನವಿಲು
ಇಂಗ್ಲಿಷಿನ ನವಿಲಿಗೆ ತಪ್ಪಿ ಬಟಾಣಿ ಅಂಟಿಕೊಂಡರೆ ಕನ್ನಡದ ತರಕಾರಿಗೆ ನವಿಲು ಅಂಟಿಕೊಂಡಿದೆ. ಸಂತೆಯಲ್ಲಿ ಸಿಗುವ ‘ನವಿಲುಕೋಸು’. ಗೆಡ್ಡೆಯ ಮೇಲೆ ಎಲೆಗಳು ನಾಲ್ಕೂ ಕಡೆ ಬಿಚ್ಚಿ ನಿಂತದ್ದು ನೋಡಿದರೆ ಹೆಸರು ಒಪ್ಪುತ್ತದೆ.

ಸಿಂಹಾಸನವೇರಿ, ತಾಂಡಾಕ್ಕಿಳಿದು

ಗ್ರೀಕರ ‘ತಾವೋಸ್’ ಅರಬ್ಬಿ, ಪಾರಸಿಗಳಲ್ಲಿ ‘ತಾವೂಸ್’ ಆಯಿತು. ಆಗ್ರಾದಲ್ಲಿ ಷಹಜಹಾನ್ 1635ರಲ್ಲಿ ಏರಿ ಕೂತ ರತ್ನಖಚಿತ ಗದ್ದುಗೆಯ ಮೇಲೆ ನವಿಲುಗಳಿದ್ದವು. ಕಾಲಾನಂತರ ಅದಕ್ಕೆ ‘ತಖ್ತ್-ಎ-ತಾವೂಸ್’, ಮಯೂರ ಸಿಂಹಾಸನ, ಎಂಬ ಹೆಸರು ನಿಂತಿತು. ತೋಗೈ ನಿಜಕ್ಕೂ ತಾವೋಸ್ ಆಗಿದ್ದರೆ, ದಕ್ಷಿಣದ ಕಡಲಂಚಿನಲ್ಲಿ ಹಡಗು ಹತ್ತಿದ ಮಾತು ಎರಡು ಸಾವಿರ ವರ್ಷ ಊರೂರು ಅಲೆದು, ಪಾರಸಿ ವೇಷ ಹಾಕಿ ತವರಿಗೆ ಮರಳಿತ್ತು ಎನ್ನಬೇಕು. ಬಂದು ಬಹಳ ದಿನ ನಿಲ್ಲಲಿಲ್ಲ. 1739ರಲ್ಲಿ ನಾದಿರ್ ಷಾ ದಿಲ್ಲಿ ದೋಚಿದಾಗ ಸಿಂಹಾಸನ ಇರಾನಿಗೆ ಹೋಯಿತು.

ಅದೇ 1739ರ ಫೆಬ್ರುವರಿ 15ರಂದು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರು ಹುಟ್ಟಿದರೆಂಬುದು ಬಂಜಾರರ ನಂಬಿಕೆ. ಪ್ರತಿ ಫೆಬ್ರುವರಿಯಲ್ಲಿ ಜಯಂತಿಗೆ ನಾಡಿನ ಮೂಲೆಮೂಲೆಯ ತಾಂಡಾಗಳಿಂದ ಜನ ಅಲ್ಲಿಗೆ ನಡೆದು ಬರುತ್ತಾರೆ. ಎತ್ತಿನ ಹಿಂಡಿನ ಮೇಲೆ ದವಸ, ಉಪ್ಪು ಹೇರಿ ಉತ್ತರದಿಂದ ದಕ್ಷಿಣಕ್ಕೆ ಬಂದ ಅವರ ಮಾತು ರಾಜಸ್ಥಾನಿಯ ನಂಟಿನದು. ಅವರ ನವಿಲು ‘ಮೋರ್’, ಗಿರ್ನಾರಿನ ಬಂಡೆಯಲ್ಲಿರುವ ಅಶೋಕನ ‘ಮೋರ’ದ ನೇರ ಮೊಮ್ಮಗ. ಹೊನ್ನಾಳಿಯ ಸಂತೆಯಲ್ಲಿ ನವಿಲು, ಮೋರ್ ಎರಡೂ ಒಂದೇ ಅಂಗಡಿ ಮುಂದೆ ಕೇಳಿಬರುತ್ತವೆ. ಪಕ್ಕದ ಗೋಡೆಯ ಮೇಲೆ ಕಾನ್ವೆಂಟ್ ಶಾಲೆಯ ಜಾಹೀರಾತಿನಲ್ಲಿ ‘ಪೀಕಾಕ್’.

ನವಿಲೇಹಾಳ್ ಕಡೆಯ ತೋಟಗಳಿಂದ ಸಂಜೆ ಹೆಂಗಸರು ಮನೆಗೆ ಮರಳುತ್ತಾರೆ. ನೀರೊಲೆಗೆ ಬೇಕಾದ ಒಣ ಸೋಗೆಗಳನ್ನು ಬುಡದ ಕಡೆ ಒಟ್ಟಿಗೆ ಹಿಡಿದು, ಎತ್ತಿಕೊಳ್ಳುವ ಗೋಜಿಗೆ ಹೋಗದೆ, ನೆಲದ ಮೇಲೇ ಎಳೆದುಕೊಂಡು ನಡೆಯುತ್ತಾರೆ. ತುದಿಗಳು ಬೀಸಣಿಗೆಯಂತೆ ಹರಡಿ, ಮಣ್ಣು ರಸ್ತೆಯ ಧೂಳಿನಲ್ಲಿ ಸರಸರ ಸದ್ದು ಮಾಡುತ್ತ ಹಿಂದೆ ಬರುತ್ತವೆ.